ನೇರಳೆಕೊಡಿಗೆ ಯಾವ ಪಂಚಾಯ್ತಿಗೆ?

ಮೊನ್ನೆ ನರಸಿಂಹರಾಜಪುರದಲ್ಲಿ ನಮ್ಮ ಕಚೇರಿಯ ಹಿಂದಿನ ಕೋಣೆಯ ಕಬ್ಬಿಣದ ಕಪಾಟು ತೆಗೆಸಿದೆವು. ಮೂರು ಮಳೆಗಾಲ ಯಾರೂ ಮುಟ್ಟದೆ ಇದ್ದದ್ದು. ಬಾಗಿಲು ಬಿಚ್ಚಿದ್ದೇ ಮುಗ್ಗಲು ಹಿಡಿದ ಕಾಗದದ ವಾಸನೆ ಮುಖಕ್ಕೆ ಬಡಿಯಿತು. ತೇವ, ಒಣಗಿದ ಗೋಂದು, ತುಕ್ಕು ಹಿಡಿದ ಗುಂಡುಪಿನ್ನು ಎಲ್ಲ ಸೇರಿದ ವಾಸನೆ. ಜೊತೆಗಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನು ಅಲ್ಲೇ ನಿಂತಿದ್ದೆ. ಈ ವಾಸನೆ ಬಂದಾಗಲೆಲ್ಲ ಯಾರೋ ಎದುರಿಗೆ ಕೂತು ನನಗೆ ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೆ ಶುರುವಾದದ್ದು ಕೊಪ್ಪ ತಾಲೂಕಿನಲ್ಲಿ ನಾನು ಕಳೆದ ಒಂದು ಮಳೆಗಾಲದಲ್ಲಿ.

ಆಗ ನಾನು ಮೇಗುಂದ ಹೋಬಳಿಯಲ್ಲಿ ಗ್ರಾಮ ಲೆಕ್ಕಾಧಿಕಾರಿಯಾಗಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದ ಕಾಲ. ಪಹಣಿಯೆಲ್ಲ ಕಂಪ್ಯೂಟರಿಗೆ ಹೋಗಿತ್ತು, ಆದರೂ ಹಳಬರು ನನ್ನನ್ನು ಕರೆಯುತ್ತಿದ್ದದ್ದು ಶಾನುಭೋಗಮ್ಮ ಅಂತಲೇ. ಬೆಳೆ ಬರೆಯುವುದು, ವೃದ್ಧಾಪ್ಯ ವೇತನದ ಅರ್ಜಿ ನೋಡುವುದು, ಹುಟ್ಟು ಸಾವು ದಾಖಲು ಮಾಡುವುದು ನನ್ನ ಕೆಲಸ. ಹುಟ್ಟಿಗಿಂತ ಸಾವನ್ನೇ ಹೆಚ್ಚು ಬರೆದ ನೆನಪು.

ಕಾಗದದ ಮೇಲೆ ಸಂಶಯ ನನಗೆ ಮನೆಯಿಂದಲೇ ಬಂದದ್ದು. ನಮ್ಮ ತಾಯಿಯ ತಂದೆಯ ಊರು ಭದ್ರಾ ಹಿನ್ನೀರಿನಲ್ಲಿ ಮುಳುಗಿತು. ಒಬ್ಬ ಅಧಿಕಾರಿ ಮನೆ ಎಣಿಸಲು ಬಂದರಂತೆ, ಇನ್ನೊಬ್ಬರು ಸಹಿ ಹಾಕಿಸಿಕೊಂಡು ಹೋದರಂತೆ, ಮೂರನೆಯವರು ಬಂದು ಎದ್ದು ಹೊರಡಿ ಅಂದರಂತೆ. ಆ ಊರು ದಾಖಲೆಯಲ್ಲಿ ಇವತ್ತಿಗೂ ಇದೆ. ಅದಕ್ಕೆ ಹೆಸರಿದೆ, ನಂಬರಿದೆ, ನಾಲ್ಕು ದಿಕ್ಕಿಗೆ ಎಲ್ಲೆ ಇದೆ. ಜನ ಮಾತ್ರ ಇಲ್ಲ. ಕಂದಾಯದವರು ಅಂಥ ಊರಿಗೆ ಬೇಚರಾಕ್ ಗ್ರಾಮ ಅನ್ನುತ್ತಾರೆ. ನನಗೆ ಕೆಲಸ ಸಿಕ್ಕಿದ ದಿನ ಅಜ್ಜ ಹೇಳಿದ್ದು ಒಂದೇ ಮಾತು: "ಯಾವ ಕಾಗದ ಕೊಟ್ರೂ ತಿರುಗಿಸಿ ಹಿಂದೆ ನೋಡು."

ಆ ಮಳೆಗಾಲ ಕಳೆದು ಬರುವ ಬೇಸಿಗೆಯಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಇತ್ತು. ಅದಕ್ಕೆ ಮೊದಲು ಯಾವ ಹಳ್ಳಿ ಯಾವ ಪಂಚಾಯ್ತಿಗೆ, ಯಾವ ಕೇರಿ ಯಾವ ವಾರ್ಡಿಗೆ ಅಂತ ಮತ್ತೊಮ್ಮೆ ನೋಡುವ ಕೆಲಸ ಬಂತು. ಆರಿದ್ರೆ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ತಾಲೂಕು ಕಚೇರಿಯಿಂದ ನನಗೊಂದು ಫೈಲು ಕೊಟ್ಟರು. ನನ್ನ ವೃತ್ತದ ನೇರಳೆಕೊಡಿಗೆ ಎಂಬ ಕೇರಿಯನ್ನು ಈಗಿರುವ ಪಂಚಾಯ್ತಿಯಿಂದ ತೆಗೆದು ಹಳ್ಳದಾಚೆಯ ಪಂಚಾಯ್ತಿಗೆ ಸೇರಿಸುವ ಪ್ರಸ್ತಾವ. ಕೇರಿಯವರೇ ಕೇಳಿಕೊಂಡಿದ್ದಾರೆ, ಸ್ಥಳ ತನಿಖೆ ಮಾಡಿ ವರದಿ ಕೊಡಿ ಅಂತ ತಹಸೀಲ್ದಾರರ ಷರಾ ಇತ್ತು. ಪಂಚಾಯ್ತಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನೇರಳೆಕೊಡಿಗೆ ಅನ್ನುವುದೂ ನಾನೇ ಇಟ್ಟ ಹೆಸರು. ಆ ಜನ ಇನ್ನೂ ಅಲ್ಲೇ ಇದ್ದಾರೆ.

ನೇರಳೆಕೊಡಿಗೆ ಗದ್ದೆ, ಒಂದಿಷ್ಟು ತೋಟ, ಸ್ವಲ್ಪ ಕಾಫಿ ಇರುವ ಕೇರಿ. ಹಿಂದೆ ಗುಡ್ಡ, ಮುಂದೆ ಹಳ್ಳ. ಹಳ್ಳದ ಈಚೆ ದಡ ಒಂದು ಪಂಚಾಯ್ತಿ, ಆಚೆ ದಡ ಇನ್ನೊಂದು. ನಕ್ಷೆ ಬರೆದವರಿಗೆ ಹಳ್ಳ ಸಿಕ್ಕಿದರೆ ಅನುಕೂಲ, ಅದರ ಮೇಲೇ ಗೆರೆ ಎಳೆದು ಮುಗಿಸುತ್ತಾರೆ. ಆದರೆ ಅಲ್ಲಿದ್ದದ್ದು ಒಂದೇ ಗೆರೆಯಲ್ಲ. ಟಪಾಲು ಒಂದು ಕಡೆಯಿಂದ ಬರುತ್ತಿತ್ತು, ಕರೆಂಟಿನ ಲೈನ್‌ಮನ್ ಇನ್ನೊಂದು ಕಡೆಯಿಂದ. ಅರಣ್ಯದವರ ವಲಯವೇ ಬೇರೆ. ಪಡಿತರದ ಅಂಗಡಿ, ಹೈಸ್ಕೂಲು, ನರ್ಸಮ್ಮನ ಮನೆ ಎಲ್ಲ ಹಳ್ಳದಾಚೆ. ಪಂಚಾಯ್ತಿ ಕಚೇರಿ ಮಾತ್ರ ಈಚೆ, ಬಸ್ಸಿನ ದಾರಿಯಲ್ಲಿ. ಮಳೆಗಾಲದಲ್ಲಿ ಹಳ್ಳ ದಾಟಲು ಎರಡು ಅಡಿಕೆ ಮರ ಅಡ್ಡ ಹಾಕಿ ಬಿದಿರಿನ ಹಿಡಿ ಕಟ್ಟುತ್ತಿದ್ದರು. ಅದನ್ನೇ ಸಂಕ ಅನ್ನುತ್ತಿದ್ದರು. ಅದು ಕೊಚ್ಚಿಹೋದ ದಿನ ಆಚೆ ದಡಕ್ಕೆ ಹೋಗಬೇಕಾದರೆ ಕೊಪ್ಪಕ್ಕೆ ಬಂದು ಬೇರೆ ಬಸ್ಸು ಹಿಡಿಯಬೇಕು.

ಬಸ್ಸಿನಲ್ಲಿ ಕೂತು ಫೈಲು ಬಿಚ್ಚಿದೆ. ಮೊದಲ ಹಾಳೆ ಬಿಳೀ, ಹೊಸತು, ಕಂಪ್ಯೂಟರಿನಲ್ಲಿ ಅಚ್ಚಾದದ್ದು. ನೇರಳೆಕೊಡಿಗೆಯನ್ನು ಆಚೆ ಪಂಚಾಯ್ತಿಗೆ ಸೇರಿಸಿಕೊಡಬೇಕಾಗಿ ವಿನಂತಿ. ಅದರ ಹಿಂದಿನ ಮೂರು ಹಾಳೆಗಳಲ್ಲಿ ಸಹಿ, ಹೆಬ್ಬೆಟ್ಟು. ಆ ಹಾಳೆಗಳು ಹಳದಿಯಾಗಿದ್ದವು. ಮುಗ್ಗಲು ವಾಸನೆ ಬರುತ್ತಿತ್ತು. ತಿರುಗಿಸಿ ನೋಡಿದೆ. ಮೂಲೆಯಲ್ಲಿ ಹಳೇ ಪಿನ್ನಿನ ತುಕ್ಕು ಕಲೆ ಒಂದು ಕಡೆ, ಈಗ ಹೊಡೆದ ಪಿನ್ನು ಇನ್ನೊಂದು ಕಡೆ. ಮತ್ತೆ ಮುಂದೆ ತಿರುಗಿಸಿ ಹೆಸರು ಓದುತ್ತ ಬಂದೆ. ಎರಡನೇ ಹಾಳೆಯ ಕೊನೆಯಲ್ಲಿ ಕಾಳಮ್ಮನ ಹೆಬ್ಬೆಟ್ಟು ಇತ್ತು.

ಕಾಳಮ್ಮ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಮರಣ ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದವಳು ನಾನೇ. ಮೊದಲ ಹಾಳೆಯಲ್ಲಿದ್ದ ಅರ್ಜಿಯ ತಾರೀಖು ಮಾತ್ರ ಎರಡು ತಿಂಗಳ ಹಿಂದಿನದು.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಫೈಲಿನ ಕಡೆ ಇಣುಕಿದಳು. ಥಟ್ಟನೆ ಮುಚ್ಚಿಬಿಟ್ಟೆ. ಅವತ್ತಿನಿಂದ ಅದನ್ನು ಕಚೇರಿಯಲ್ಲಿ ಬಿಟ್ಟು ಬರಲು ನನಗೆ ಧೈರ್ಯವಾಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡೇ ತಿರುಗಿದೆ.

ನೇರಳೆಕೊಡಿಗೆಯ ಪಂಚಾಯ್ತಿ ಸದಸ್ಯೆ ಗಿರಿಜಕ್ಕ. ಮಹಿಳಾ ಮೀಸಲು ಬಂದಾಗ ನಿಲ್ಲಿಸಿದ್ದರು. ಗಂಡ ಹೇಳಿದ ಕಡೆ ಸಹಿ ಹಾಕಿಕೊಂಡು ಇರುತ್ತಾಳೆ ಅಂತ ಎಲ್ಲರೂ ಎಣಿಸಿದ್ದರು. ಅವಳು ಮಾತ್ರ ಮೊದಲ ಗ್ರಾಮಸಭೆಯಲ್ಲೇ ಎದ್ದು ನಿಂತು, ಕುಡಿಯುವ ನೀರಿನ ಪೈಪು ಅಧ್ಯಕ್ಷರ ಮನೆ ಗೇಟಿಗೆ ಬಂದು ಯಾಕೆ ನಿಂತಿತು ಅಂತ ಕೇಳಿದ್ದಳು. ನಾನು ಹೋದಾಗ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಕೈ ತೊಳೆದುಕೊಂಡು ಬಂದವಳು ಕೂತುಕೊಳ್ಳಿ ಅನ್ನಲಿಲ್ಲ.

"ಎಂತ ಎಣಿಸ್ಲಿಕ್ಕೆ ಬಂದದ್ದು ಮೇಡಂ? ಹಿಂದಿನ ಸಲ ಮನೆ ಎಣಿಸ್ಕಂಡು ಹೋದವರು ಫಾರೆಸ್ಟಿನವರು. ಆಮೇಲೆ ಒಂದು ವರ್ಷ ನಮಗೆ ನಿದ್ದೆ ಇರ್ಲಿಲ್ಲ."

"ಮನೆ ಎಣಿಸ್ಲಿಕ್ಕಲ್ಲ. ನೀವೇ ಅರ್ಜಿ ಕೊಟ್ಟಿದ್ದೀರಂತಲ್ಲ, ಆಚೆ ಪಂಚಾಯ್ತಿಗೆ ಸೇರಿಸಿ ಅಂತ."

"ಯಾರು ಕೊಟ್ಟದ್ದು?"

ಫೈಲು ಬಿಚ್ಚಿ ತೋರಿಸಿದೆ. ಗಿರಿಜಕ್ಕ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಹಾಳೆಯ ಮೇಲೆ ನಿಧಾನ ಇಳಿಯುತ್ತ ಬಂದು ತನ್ನ ಹೆಸರಿನ ಹತ್ತಿರ ನಿಂತಳು.

"ಸಹಿ ನಂದೇ," ಅಂದಳು. "ಹಾಕಿದ್ದು ಮಾತ್ರ ಇದಕ್ಕಲ್ಲ."

ಅಷ್ಟರಲ್ಲಿ ನಾಟಿಗೆ ಬಂದವರೂ ಮೇಲೆ ಹತ್ತಿ ಬಂದಿದ್ದರು. ಎಲ್ಲರೂ ತಮ್ಮ ತಮ್ಮ ಸಹಿ ಗುರುತಿಸಿದರು. ಎಲ್ಲರೂ ಇದಕ್ಕೆ ಹಾಕಿಲ್ಲವೆಂದರು. ಕಾಳಮ್ಮನ ಸೊಸೆ ಹೆಬ್ಬೆಟ್ಟು ನೋಡಿ ಅತ್ತಳು. ಕೊನೆಗೆ ಗಿರಿಜಕ್ಕನಿಗೇ ನೆನಪಾಯಿತು. "ಸಂಕದ ಅರ್ಜಿ! ಕಾಳಕ್ಕ ಇದ್ದಾಗ, ಹಳ್ಳಕ್ಕೆ ಸಿಮೆಂಟಿನ ಕಾಲುಸಂಕ ಬೇಕು ಅಂತ ಎಲ್ಲರೂ ಹಾಕಿದ್ವಲ್ಲ. ಮುಂದಿನ ಹಾಳೆ ಕಿತ್ತು ಬೇರೆ ಹಚ್ಚಿದ್ದಾರೆ."

"ಆ ಅರ್ಜಿ ಯಾರ ಕೈಗೆ ಕೊಟ್ಟಿದ್ರಿ?"

ಅವಳು ಉತ್ತರ ಹೇಳುವ ಮೊದಲು ನನ್ನನ್ನು ಒಮ್ಮೆ ಅಳೆದು ನೋಡಿದಳು. ನಾನು ಯಾರ ಕಡೆಯವಳು ಅಂತ ಅವಳಿಗೆ ಗೊತ್ತಾಗಬೇಕಿತ್ತು.

"ಮತ್ಯಾರ ಕೈಗೆ? ಅಧ್ಯಕ್ಷರ ಕೈಗೆ. ಈಗ ಗೊತ್ತಾಯ್ತಲ್ಲ ಮೇಡಂ. ನಮ್ಮ ಕೇರಿ ಆಚೆ ಹೋದ್ರೆ ನಾನೂ ಆಚೆ. ಮತ್ತೆ ಪೈಪಿನ ವಿಷಯ ಕೇಳೋರು ಯಾರು?"

ಅಧ್ಯಕ್ಷ ರತ್ನಾಕರ. ಐವತ್ತರ ಆಸುಪಾಸು, ಒಳ್ಳೆ ಮಾತುಗಾರ, ಜೀಪಿನಲ್ಲಿ ಹೋಗುವಾಗ ದಾರಿಯಲ್ಲಿದ್ದವರನ್ನೆಲ್ಲ ಹತ್ತಿಸಿಕೊಳ್ಳುವವನು. ಅವನ ಮನೆ ಎದುರಿನ ದಾರಿಗೆ ಮಾತ್ರ ಕಾಂಕ್ರೀಟು ಬಿದ್ದಿತ್ತು. ನನಗೆ ಅವನನ್ನು ಕಂಡರೆ ಮೊದಲಿಂದಲೂ ಆಗುತ್ತಿರಲಿಲ್ಲ. ಎದುರಿಗೆ ಸಿಕ್ಕಿದಾಗೆಲ್ಲ ನಮ್ಮ ನರಸಿಂಹರಾಜಪುರದ ಮನೆಯವರನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದ. ಇವನಿಗೆ ಹೇಗೆ ಗೊತ್ತು, ಯಾಕೆ ಗೊತ್ತು ಅಂತ ನನಗೆ ಒಳಗೊಳಗೇ ಕಸಿವಿಸಿ.

ಪಂಚಾಯ್ತಿ ಕಚೇರಿಯಲ್ಲಿ ಹಾಳೆ ಅವನ ಮುಂದಿಟ್ಟೆ. ಅವನು ಕನ್ನಡಕ ಹಾಕಿಕೊಂಡು ಓದಿ ನಕ್ಕ.

"ಇದೊಳ್ಳೆ ಕಥೆ ಆಯ್ತಲ್ಲ ಮಾರಾಯ್ರೆ. ನಂಗೆ ಗೊತ್ತೇ ಇಲ್ಲ."

"ಸಂಕದ ಅರ್ಜಿ ನಿಮ್ಮ ಕೈಗೆ ಕೊಟ್ಟಿದ್ದಂತೆ."

"ಕೊಟ್ಟಿರಬಹುದು. ದಿನಕ್ಕೆ ಹತ್ತು ಜನ ಕೊಡ್ತಾರೆ. ಇಲ್ಲೇ ಎಲ್ಲೋ ಇರ್ತದೆ, ಹುಡುಕಿಸ್ತೇನೆ."

"ಆ ಸಂಕ ಯಾಕೆ ಆಗ್ಲಿಲ್ಲ?"

"ನಮ್ಮ ಪಂಚಾಯ್ತಿ ಹಳ್ಳದ ನಡು ತನಕ ಮೇಡಂ. ಅರ್ಧ ಸಂಕ ಕಟ್ಟಿ ನಿಲ್ಲಿಸ್ಲಿಕ್ಕೆ ಆಗ್ತದಾ? ಆಚೆಯವರನ್ನು ಕೇಳಿದ್ರೆ ಅವರೂ ಅದನ್ನೇ ಹೇಳ್ತಾರೆ." ಮತ್ತೆ ಸ್ವರ ತಗ್ಗಿಸಿ, "ಒಂದು ಮಾತು. ಅವರು ಆಚೆ ಹೋಗ್ತೀವಿ ಅಂದ್ರೆ ನಾನು ಬೇಡ ಅನ್ನೋದಿಲ್ಲ. ಬರೀರಿ ನೀವು" ಅಂದ.

ಆ ಕೊನೆಯ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಅವನೇ ಅಂತ ಖಾತ್ರಿಯಾಯಿತು. ಸಂಕದ ಅರ್ಜಿ ಹುಡುಕಿಸುತ್ತೇನೆ ಅಂದವನು ಒಂದು ವಾರವಾದರೂ ಹುಡುಕಿಸಲಿಲ್ಲ. ಮಧ್ಯೆ ಎರಡು ಸಲ ಅವನ ಜೀಪು ತಾಲೂಕು ಕಚೇರಿ ಎದುರು ನಿಂತದ್ದು ಕಂಡೆ. ನನ್ನ ಗ್ರಾಮ ಸಹಾಯಕ ಮಂಜಪ್ಪ, ನಾನು ಎಲ್ಲಿಗೆ ಹೋದರೂ ಕೊಡೆ ಹಿಡಿದು ಬರುತ್ತಿದ್ದವನು, ಇದ್ದಕ್ಕಿದ್ದಂತೆ "ನಾಳೆ ಎಲ್ಲಿಗೆ ಮೇಡಂ?" ಅಂತ ಕೇಳತೊಡಗಿದ. ಅವನು ಮೊದಲೂ ಹಾಗೇ ಕೇಳುತ್ತಿದ್ದನೋ ಏನೋ. ಈಗ ಮಾತ್ರ ನನಗೆ ಅವನೂ ಅಧ್ಯಕ್ಷನ ಕಡೆಯವನಂತೆ ಕಾಣುತ್ತಿದ್ದ. ಅವನಿಗೆ ಒಂದು ಊರು ಹೇಳಿ ನಾನು ಇನ್ನೊಂದು ಊರಿಗೆ ಹೋಗುತ್ತಿದ್ದೆ. ಪಾಪ, ಪುನರ್ವಸು ಮಳೆಯಲ್ಲಿ ಅವನು ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಕಾಯುತ್ತ ನಿಂತಿರುತ್ತಿದ್ದ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟವರೆಂದರೆ ಸುಬ್ರಾಯ ಮೇಷ್ಟ್ರು. ನಿವೃತ್ತ ಶಿಕ್ಷಕರು, ನೇರಳೆಕೊಡಿಗೆಯವರೇ, ತಮ್ಮನ ಸಂಸಾರದ ಜೊತೆ ಇದ್ದವರು. ಬೆಳಿಗ್ಗೆ ಹಾಲಿನ ಡೈರಿಯ ಬೆಂಚಿನ ಮೇಲೆ ಕೂತು ಎಲ್ಲರಿಗೂ ಪೇಪರು ಓದಿ ಹೇಳುತ್ತಿದ್ದರು. ಯಾರಿಗೆ ಅರ್ಜಿ ಬೇಕಾದರೂ ಅವರೇ ಬರೆದುಕೊಡುವುದು. ನಾನು ಬಂದಾಗಲೆಲ್ಲ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, "ಗಡಿಬಿಡಿ ಮಾಡಬೇಡಿ ತಂಗಿ. ವಿಚಾರಣೆ ಬರ್ಲಿ, ಎಲ್ಲ ಸರಿ ಆಗ್ತದೆ" ಅನ್ನುತ್ತಿದ್ದರು. ಕೇರಿಯಲ್ಲಿ ಸಂಶಯದ ಮಾತಾಡದೆ ಇದ್ದವರು ಅವರೊಬ್ಬರೇ. ರತ್ನಾಕರನ ಹೆಸರನ್ನೂ ಎತ್ತುತ್ತಿರಲಿಲ್ಲ. ಎಷ್ಟು ದೊಡ್ಡ ಮನುಷ್ಯ ಅಂದುಕೊಂಡಿದ್ದೆ.

ಅಚ್ಚಾದ ಹಾಳೆಯ ಮೂಲ ಹುಡುಕಿದರೆ ರತ್ನಾಕರ ಸಿಕ್ಕಿಬೀಳುತ್ತಾನೆ ಅಂತ ನನಗೆ ಹೊಳೆಯಿತು. ಕೊಪ್ಪದಲ್ಲಿ ಆಗ ಕನ್ನಡ ಡಿಟಿಪಿ ಮಾಡುವ ಅಂಗಡಿಗಳು ಬೆರಳೆಣಿಕೆಯಷ್ಟು. ಮೊದಲಿನ ಎರಡರಲ್ಲಿ ಇಲ್ಲ ಅಂದರು. ಮೂರನೆಯದು ಒಂದು ಔಷಧಿ ಅಂಗಡಿಯ ಮಹಡಿ ಮೇಲೆ. ಅಂಗಡಿಯಾತ ಹಾಳೆ ನೋಡಿದ್ದೇ, "ಹೌದು, ನಮ್ಮಲ್ಲೇ ಮಾಡಿದ್ದು" ಅಂದ.

"ಯಾರು ಮಾಡಿಸಿದ್ದು? ಜೀಪಿನಲ್ಲಿ ಬಂದಿದ್ರಾ?"

"ಜೀಪೆಲ್ಲ ಇಲ್ಲ ಮೇಡಂ. ಬಸ್ಸಿನಲ್ಲೇ ಬಂದಿದ್ರು, ವಯಸ್ಸಾದವರು. ನಾನು ಹೊಡೆದ ಮೇಲೆ ಒತ್ತಕ್ಷರ ತಪ್ಪಾಗಿದೆ ಅಂತ ಮೂರು ಸಲ ತಿದ್ದಿಸಿದ್ರು. ಮೇಷ್ಟ್ರಂತೆ. ಸುಬ್ರಾಯರು ಅಂತ ಹೇಳಿದ ನೆನಪು."

ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿಗೆ ಬಂದು ಕೂತೆ. ಎರಡು ಬಸ್ಸು ಬಿಟ್ಟೆ. ಸಿಟ್ಟಿಗಿಂತ ಹೆಚ್ಚು ನನಗೆ ಅವಮಾನವಾಗಿತ್ತು. ದಾರಿಯಲ್ಲಿ ಕಂಡವರನ್ನೆಲ್ಲ ಅನುಮಾನಿಸಿ, ಚಹಾ ಕೊಟ್ಟವರನ್ನು ಮಾತ್ರ ಬಿಟ್ಟಿದ್ದೆ.

ಮರುದಿನ ಡೈರಿಗೆ ಹೋಗುವಷ್ಟರಲ್ಲಿ ಮೇಷ್ಟ್ರು ಎದ್ದು ನಿಂತಿದ್ದರು. "ಡಿಟಿಪಿ ಅಂಗಡಿಗೆ ಹೋಗಿದ್ರಂತೆ" ಅಂದರು. ಯಾರು ಹೇಳಿದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಬನ್ನಿ, ಹಳ್ಳದ ತನಕ ಹೋಗಿ ಬರುವ."

ಮಳೆ ಸ್ವಲ್ಪ ಬಿಟ್ಟಿತ್ತು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಸಂಕದ ಮರಗಳು ನೀರಿಗೆ ಒಂದು ಮೊಳ ಮೇಲಿದ್ದವು ಅಷ್ಟೆ. ಮೇಷ್ಟ್ರು ಕೊಡೆ ಮಡಚಿ ಅದರ ತುದಿಯಿಂದ ಆಚೆ ದಡದ ಬಿದಿರಿನ ಮೆಳೆ ತೋರಿಸಿದರು.

"ನನ್ನ ಹೆಂಡತಿ ಅಲ್ಲಿ ಸಿಕ್ಕಿದ್ದು. ಶಾರದೆ ಅಂತ. ಎಂಟು ವರ್ಷ ಆಯ್ತು. ಆಷಾಢದಲ್ಲಿ, ಅವಳ ಅಕ್ಕನಿಗೆ ಹುಷಾರಿಲ್ಲ ಅಂತ ನೋಡ್ಲಿಕ್ಕೆ ಹೋದವಳು. ವಾಪಸು ಬರುವಾಗ ನಾನು ಇಲ್ಲಿ, ನೀವು ನಿಂತ ಕಡೆಯೇ ನಿಂತಿದ್ದೆ. ಕೈ ಚಾಚಿದ್ದೆ."

ಮೇಷ್ಟ್ರು ಕೊಡೆಯ ತುದಿ ಕೆಳಗಿಳಿಸಿದರು.

"ಪೊಲೀಸು ಅದು ಇದು ಬೇಡ ಅಂತ ಮನೆಯವರೇ ಸಂಸ್ಕಾರ ಮುಗಿಸಿದ್ವಿ. ಆಮೇಲೆ ಮರಣ ಬರೆಸ್ಲಿಕ್ಕೆ ಹೋದೆ. ಆಗ ನೀವು ಇರ್ಲಿಲ್ಲ, ಬೇರೆಯವರಿದ್ರು. ಹೆಣ ಆಚೆ ದಡದಲ್ಲಿ ಸಿಕ್ಕಿದ್ದು, ಅಲ್ಲಿ ಬರೆಸಿ ಅಂದ್ರು. ಅಲ್ಲಿಗೆ ಹೋದ್ರೆ, ಬಿದ್ದದ್ದು ಈಚೆಯಿಂದ, ಇಲ್ಲಿ ಬರೆಸಿ ಅಂದ್ರು. ವರ್ಷ ಕಳೀತು. ಇನ್ನು ಕೋರ್ಟಿನ ಆರ್ಡರ್ ಬೇಕು ಅಂದ್ರು. ಅವಳು ಯಾವ ಪಂಚಾಯ್ತಿಯಲ್ಲಿ ಸತ್ತಳು ಅಂತ ನನಗೆ ಇವತ್ತಿಗೂ ಯಾರೂ ಹೇಳ್ಲಿಲ್ಲ ತಂಗಿ."

"ಅದಕ್ಕೆ ಹೀಗೆ ಮಾಡೋದಾ ಮೇಷ್ಟ್ರೆ? ಸತ್ತವರ ಹೆಬ್ಬೆಟ್ಟು..."

"ಕಾಳಕ್ಕನ ಹೆಬ್ಬೆಟ್ಟು ಅಲ್ಲಿದ್ದದ್ದು ನನ್ನ ಲಕ್ಷ್ಯಕ್ಕೆ ಬರ್ಲಿಲ್ಲ. ಅದು ನನ್ನ ತಪ್ಪೇ." ಅವರ ಸ್ವರ ಮೊದಲ ಸಲ ಒರಟಾಯಿತು. "ಸಂಕದ ಅರ್ಜಿಯನ್ನು ಎರಡು ಪ್ರತಿ ಮಾಡಿ ಎರಡಕ್ಕೂ ಸಹಿ ಹಾಕಿಸಿದ್ದೆ. ಒಂದು ರತ್ನಾಕರನಿಗೆ, ಇನ್ನೊಂದು ಆಚೆಯವರಿಗೆ. ಆಚೆಯವರು ನಮ್ಮ ವ್ಯಾಪ್ತಿ ಅಲ್ಲ ಅಂತ ಬರೆದು ನನಗೇ ವಾಪಸು ಕಳಿಸಿದ್ರು. ಎರಡೂ ದಡ ಒಂದೇ ಪಂಚಾಯ್ತಿಗೆ ಬಂದ್ರೆ ಮಾತ್ರ ಇಲ್ಲಿ ಸಂಕ ಆಗ್ತದೆ. ಇದನ್ನು ಕೇರಿಯವರಿಗೆ ಹೇಳಿ ಹೇಳಿ ಸೋತೆ. ಪಂಚಾಯ್ತಿಗೆ ಹೋಗ್ಲಿಕ್ಕೆ ದೂರ ಆಗ್ತದೆ, ಅಲ್ಲಿ ನಮ್ಮ ಮಾತು ಯಾರು ಕೇಳ್ತಾರೆ ಅಂತಾರೆ. ಅವರಿಗೆ ಬೇಕಾದ್ದು ಸಂಕ. ನಾನು ಸಂಕಕ್ಕೇ ಅರ್ಜಿ ಹಾಕಿದ್ದು, ಸ್ವಲ್ಪ ಸುತ್ತಿನ ದಾರಿಯಲ್ಲಿ."

"ಗಿರಿಜಕ್ಕನಿಗೆ ಹೇಳ್ತೀರಾ?"

"ನೀವು ಹೇಳಿದ್ರೆ ಹೇಳಿ. ವರದಿಯಲ್ಲೂ ಬರೀರಿ. ನಾನು ತಪ್ಪಿಸ್ಕೊಳ್ಳೋದಿಲ್ಲ." ಆಮೇಲೆ ಹಳ್ಳದ ಕಡೆ ತಿರುಗಿ, "ಮೂವತ್ತು ವರ್ಷ ಇಲ್ಲಿನವರಿಗೆಲ್ಲ ಅಕ್ಷರ ಕಲಿಸಿದ್ದೇನೆ. ಆ ಹಾಳೆಯಲ್ಲಿರೋ ಅರ್ಧ ಸಹಿ ನಾನು ಕೈ ಹಿಡಿದು ತಿದ್ದಿಸಿದ್ದು" ಅಂದರು.

ಶಾರದಮ್ಮನ ಮರಣ ದಾಖಲು ಮಾಡಿಸಲು ಈಗಲಾದರೂ ನಾನು ಪ್ರಯತ್ನ ಮಾಡುತ್ತೇನೆ, ಕೋರ್ಟಿಗೆ ಬೇಕಾದ ಕಾಗದ ನಾನೇ ಸಿದ್ಧ ಮಾಡಿಕೊಡುತ್ತೇನೆ ಅಂದೆ. ಅವರು ಬೇಡವೆಂದರು. "ಈಗ ಬರೆದುಕೊಂಡ್ರೆ ಅವರು ಮಾಡಿದ್ದು ಸರಿ ಆಗಿಬಿಡ್ತದೆ."

ವರದಿ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಲಗತ್ತಿಸಿದ ಸಹಿಗಳು ಬೇರೊಂದು ಹಳೆಯ ಅರ್ಜಿಯವು, ಸಹಿದಾರರಲ್ಲಿ ಒಬ್ಬರು ಅರ್ಜಿಯ ತಾರೀಖಿಗೆ ಮೊದಲೇ ಮೃತರು, ಕೇರಿಯ ಜನ ಈ ಪ್ರಸ್ತಾವಕ್ಕೆ ಒಪ್ಪಿಲ್ಲ, ಆದ್ದರಿಂದ ಕೈಬಿಡಬಹುದು. ಇಷ್ಟು ಬರೆದೆ. ಮಾಡಿದವರು ಯಾರೆಂದು ತಿಳಿದುಬಂದಿಲ್ಲ ಅಂತ ಕೊನೆಯ ಸಾಲು. ನಾನು ನೌಕರಿಯಲ್ಲಿ ಬರೆದ ಮೊದಲ ಸುಳ್ಳು ಅದು. ಮೇಷ್ಟ್ರ ಮೇಲಿನ ಮರುಕದಿಂದ ಬರೆದೆನೋ, ಅವರನ್ನು ನಂಬಿ ಮೋಸಹೋದದ್ದು ನಾಲ್ಕು ಜನರಿಗೆ ಗೊತ್ತಾಗಬಾರದು ಅಂತ ಬರೆದೆನೋ, ನನಗೆ ನನ್ನ ಮೇಲೇ ಅನುಮಾನ ಇದೆ.

ವಿಚಾರಣೆ ಕೊಪ್ಪದಲ್ಲಿ ಒಂದು ಮಧ್ಯಾಹ್ನ ನಡೆಯಿತು. ಪುಷ್ಯ ಮಳೆ. ತೋಟಗಳಿಗೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ಬಿಟ್ಟು ಕೇರಿಯವರೆಲ್ಲ ಒಂದೇ ಬಸ್ಸಿನಲ್ಲಿ ಬಂದಿದ್ದರು. ಕೆಲವರ ಅಂಗಿಯ ಮೇಲೆ ಮೈಲುತುತ್ತದ ನೀಲಿ ಇನ್ನೂ ಹಾಗೇ ಇತ್ತು. ತಹಸೀಲ್ದಾರರು ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. ಸತ್ತವರ ಹೆಬ್ಬೆಟ್ಟು ಅನ್ನುವ ಕಡೆ ಕೋಣೆಯೆಲ್ಲ ಗುಜುಗುಜು ಅಂತು.

"ಇದನ್ನು ಯಾರು ಮಾಡಿದ್ದು? ಇಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ" ಅಂತ ತಹಸೀಲ್ದಾರರು ಕೇಳಿದರು.

ಕೋಣೆಯಲ್ಲಿದ್ದವರೆಲ್ಲ ನಿಧಾನವಾಗಿ ರತ್ನಾಕರನ ಕಡೆ ತಿರುಗಿದರು. ಅವನು ಗೋಡೆ ಹತ್ತಿರ ನಿಂತಿದ್ದ. ಮೊದಲು ನಗಲು ನೋಡಿದ. ಆಮೇಲೆ ಅವನ ಕುತ್ತಿಗೆ ಕೆಂಪಾಯಿತು. "ನನ್ನ ಯಾಕೆ ನೋಡ್ತೀರಿ?" ಅಂದ. ಹಾಗೆ ಕೇಳಿದ್ದರಿಂದಲೇ ಎಲ್ಲರಿಗೂ ಇನ್ನಷ್ಟು ಖಾತ್ರಿಯಾಯಿತು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೊಡೆಯ ಹಿಡಿಗೆ ಗದ್ದ ಊರಿ ಕೂತಿದ್ದರು. ಒಂದು ಸಲ ಏಳಲು ಹೋದರು. ಪಕ್ಕದಲ್ಲಿದ್ದ ತಮ್ಮ ಅವರ ತೋಳು ಹಿಡಿದು ಕೂರಿಸಿದ. ತಮ್ಮನಿಗೂ ಗೊತ್ತಿತ್ತು ಅಂತ ನನಗೆ ಆಗ ತಿಳಿಯಿತು.

ಪ್ರಸ್ತಾವ ಬಿದ್ದುಹೋಯಿತು. ಹೊರಗೆ ಬಂದಾಗ ಗಿರಿಜಕ್ಕ ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ನನ್ನ ನಾನು ಅವನ ಕಡೆಯವಳು ಅಂತ ಎಣಿಸಿದ್ದೆ ಮಾರಾಯ್ತಿ. ತಪ್ಪಾಯ್ತು" ಅಂದಳು. ನಾನು ನಕ್ಕೆ. ಅವಳ ಕೈಯಿಂದ ಕೈ ಬಿಡಿಸಿಕೊಳ್ಳಲು ಏನೋ ನೆಪ ಹೇಳಿದೆ.

ಬೇಸಿಗೆಯಲ್ಲಿ ಚುನಾವಣೆಯಾಯಿತು. ಗಿರಿಜಕ್ಕ ಮತ್ತೆ ಗೆದ್ದಳು. ರತ್ನಾಕರ ತನ್ನದೇ ವಾರ್ಡಿನಲ್ಲಿ ಕೆಲವೇ ಮತಗಳಿಂದ ಸೋತ. ಪ್ರಚಾರದಲ್ಲಿ ಯಾರೂ ನೀರಿನ ಪೈಪಿನ ಮಾತಾಡಲಿಲ್ಲ, ಕಾಂಕ್ರೀಟು ದಾರಿಯ ಮಾತಾಡಲಿಲ್ಲ. ಸತ್ತ ಹೆಂಗಸಿನ ಹೆಬ್ಬೆಟ್ಟು ಒತ್ತಿಸಿದವನು ಅಂದರೆ ಸಾಕಾಗಿತ್ತು. ಅವನು ನಿಜವಾಗಿ ಮಾಡಿದ ತಪ್ಪುಗಳಿಗೆ ಅವನನ್ನು ಯಾರೂ ಸೋಲಿಸಲಿಲ್ಲ.

ಮೇಷ್ಟ್ರು ಅದೇ ವರ್ಷ ದೀಪಾವಳಿಯ ಮುಂಚೆ ತೀರಿಕೊಂಡರು. ಮನೆಯಲ್ಲೇ, ಹಾಸಿಗೆಯಲ್ಲಿ. ಯಾವ ಪಂಚಾಯ್ತಿ ಅನ್ನುವ ಪ್ರಶ್ನೆ ಬರಲಿಲ್ಲ, ಒಂದೇ ದಿನದಲ್ಲಿ ದಾಖಲು ಮಾಡಿದೆ. ಹಳ್ಳಕ್ಕೆ ಸಿಮೆಂಟಿನ ಸಂಕ ಬಂದದ್ದು ಇನ್ನೂ ಕೆಲವು ವರ್ಷ ಕಳೆದು, ಪಂಚಾಯ್ತಿಗಿಂತ ಮೇಲಿನ ಯಾವುದೋ ಯೋಜನೆಯಲ್ಲಿ. ಅವರಿಗೆ ಹಳ್ಳದ ನಡುವಿನ ಗೆರೆ ಕಾಣಲಿಲ್ಲವೇನೋ. ಅಷ್ಟರಲ್ಲಿ ನನಗೆ ಶೃಂಗೇರಿ ಕಡೆಗೆ ವರ್ಗವಾಗಿತ್ತು.

ವರ್ಗದ ಆದೇಶ ಬರುವ ಒಂದು ತಿಂಗಳ ಮೊದಲು ರತ್ನಾಕರ ನನ್ನ ಕಚೇರಿಗೆ ಬಂದ. ಜೀಪಿರಲಿಲ್ಲ, ನಡೆದೇ ಬಂದಿದ್ದ. ಮಗಳು ಪಿಯುಸಿಗೆ ಸೇರುವವಳಿದ್ದಳು, ಜಾತಿ ಆದಾಯ ಪ್ರಮಾಣಪತ್ರಕ್ಕೆ ನನ್ನ ವರದಿ ಬೇಕಿತ್ತು. ನಾನು ಬರೆಯುತ್ತಿದ್ದಾಗ ಅವನು ಮೇಜಿನ ಅಂಚನ್ನು ನೋಡುತ್ತ ಕೂತಿದ್ದ. ನಮ್ಮ ಮನೆಯವರ ಕ್ಷೇಮ ವಿಚಾರಿಸಲಿಲ್ಲ.

"ಶೃಂಗೇರಿ ಕಾಲೇಜಿಗೆ ಹಾಕ್ತೇನೆ," ಅಂದ. "ಕೊಪ್ಪ ಬೇಡ ಅಂತಾಳೆ. ಬಸ್ಸಿನಲ್ಲಿ ಮಕ್ಕಳು ಹೆಬ್ಬೆಟ್ಟು ತೋರಿಸ್ತಾರಂತೆ ಅವಳಿಗೆ."

ನನ್ನ ಪೆನ್ನು ನಿಂತಿತು.

"ನಾನು ಒಳ್ಳೆಯವನು ಅಂತ ಹೇಳ್ಕೊಳ್ಳೋದಿಲ್ಲ ಮೇಡಂ. ಪೈಪು ನನ್ನ ಮನೆಗೆ ತಗೊಂಡೆ, ಅದು ಹೌದು. ಇದೊಂದು ಮಾತ್ರ ನಾನು ಮಾಡಿದ್ದಲ್ಲ. ಮನೆಯಲ್ಲಿ ಹೆಂಡತಿಗೂ ನಂಬಿಕೆ ಇಲ್ಲ. ನೀವಾದ್ರೂ ನಂಬ್ತೀರಾ?"

ಸುಮ್ಮನೆ ನಂಬುತ್ತೇನೆ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಸುಳ್ಳು ಅವತ್ತು ನನ್ನ ಬಾಯಿಗೆ ಬರಲಿಲ್ಲ.

"ನನಗೆ ಗೊತ್ತು" ಅಂದೆ.

ಅವನು ತಲೆಯೆತ್ತಿದ. "ಗೊತ್ತು ಅಂದ್ರೆ?"

"ನೀವಲ್ಲ ಅಂತ ಗೊತ್ತು."

"ಯಾವಾಗಿಂದ?"

"ವಿಚಾರಣೆಗೆ ಮೊದಲಿಂದ."

ಯಾರು ಅಂತ ಅವನು ಕೇಳುತ್ತಾನೆ ಅಂದುಕೊಂಡೆ. ಮೇಷ್ಟ್ರು ತೀರಿಕೊಂಡಿದ್ದರು, ಹೇಳಿಬಿಡಲು ಸಿದ್ಧಳಾಗಿದ್ದೆ. ಅವನು ಕೇಳಲಿಲ್ಲ. ನಾನು ಸಹಿ ಹಾಕಿ ಕೊಟ್ಟ ಕಾಗದವನ್ನು ನಿಧಾನ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಬಾಗಿಲ ತನಕ ಹೋಗಿ ತಿರುಗಿದ.

"ಅವತ್ತು ಎಲ್ಲರೂ ನನ್ನ ಕಡೆ ತಿರುಗಿ ನೋಡಿದ್ರಲ್ಲ ಮೇಡಂ," ಅಂದ. "ಮೊದಲು ತಿರುಗಿದ್ದು ನೀವು."